ಎಡಗಾಲಿಗೆ ಒಪ್ಪುವ ಕ್ಲಚ್ಚು

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ಒಂದು ಗ್ಯಾರೇಜಿದೆ. ಅವತ್ತು ಅಲ್ಲಿ ನಾವು ಐದು ಮಂದಿ ಇದ್ದೆವು. ನಾನು, ನನ್ನ ಬೆನ್ನಿಗೆ ಹುಟ್ಟಿದ ತಮ್ಮ, ಅವನ ಹೆಂಡತಿ, ಅಥಣಿ ಕಡೆ ದ್ರಾಕ್ಷಿ ತೋಟ ಇರುವ ಅವನ ಗೆಳೆಯ, ಮತ್ತು ಗ್ಯಾರೇಜಿನ ಮಿಸ್ತ್ರಿ. ನಮ್ಮೆಲ್ಲರ ನಡುವೆ ತಮ್ಮನ ಕಾರು ಮುಂದಿನ ಗಾಲಿ ಎರಡೂ ಬಿಚ್ಚಿಸಿಕೊಂಡು, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೂಗೆತ್ತಿ ನಿಂತಿತ್ತು. ಅದರ ಗೇರ್‌ಬಾಕ್ಸನ್ನು ಕೆಳಗಿಳಿಸಿ ಒಂದು ಹಳೆಯ ಟೈರಿನ ಮೇಲೆ ಕೂರಿಸಿದ್ದರು. ನಮಗೆ ಕೂರಲು ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಉದ್ದನೆಯ ಬೆಂಚು. ಬೆಂಚಿನ ಒಂದು ತುದಿಯಲ್ಲಿ ಮೂರು ಕ್ಲಚ್ಚುಗಳು, ಇನ್ನೊಂದು ತುದಿಯಲ್ಲಿ ತಮ್ಮನ ಹೆಂಡತಿಯ ಊಟದ ಡಬ್ಬಿ.

ಕಬ್ಬಿನ ಹಂಗಾಮ ಆಗಲೇ ಶುರುವಾಗಿತ್ತು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಗ್ಯಾರೇಜಿನ ಮುಂದೆ ಹಾಯುತ್ತಿದ್ದವು. ಒಂದರ ಹಾಡು ದೂರಾಗುವುದರೊಳಗೆ ಇನ್ನೊಂದರದ್ದು ಹತ್ತಿರ ಬರುತ್ತಿತ್ತು. ಕಬ್ಬಿನ ಒಣ ಗರಿ, ನಮ್ಮ ಕಡೆಯ ರವದಿ, ಗಾಳಿಗೆ ಹಾರಿ ಬಂದು ಚಹಾದ ಕಪ್ಪಿನಲ್ಲಿ ಬೀಳುತ್ತಿತ್ತು. ಬೆಳಿಗ್ಗೆ ಬಂದವರು ನಾವು. ಮಧ್ಯಾಹ್ನ ದಾಟಿದರೂ ಯಾವ ಕ್ಲಚ್ಚು ಹಾಕಿಸುವುದು ಎಂಬ ಮಾತೇ ಮುಗಿದಿರಲಿಲ್ಲ. ನಮ್ಮ ಅಜ್ಜಿ ಯಾವತ್ತೂ ದಣಿದೆ ಅಂದವಳಲ್ಲ. ಕಾಲು ಸೋತಾವು ಅನ್ನುತ್ತಿದ್ದಳು. ಅವತ್ತು ನನಗೆ ಕೂತಲ್ಲೇ ಕಾಲು ಸೋತಿದ್ದವು.

ತಮ್ಮನ ಕಾಲಿನ ಕಥೆ ಮೊದಲು ಹೇಳಬೇಕು. ಕಾರಿನ ಕಥೆ ಅದರಿಂದಲೇ ಹುಟ್ಟಿದ್ದು.

ನಮ್ಮ ತವರು ದಿಗ್ಗೇವಾಡಿ. ಕೃಷ್ಣೆಯ ದಂಡೆಗೆ ನಮ್ಮ ಕಬ್ಬು. ತಮ್ಮ ಮೀಸೆ ಮೂಡುವ ಮೊದಲೇ ಟ್ರ್ಯಾಕ್ಟರ್ ಏರಿದವನು. ನಮ್ಮ ಹೊಲದ ಕಬ್ಬಷ್ಟೇ ಅಲ್ಲ, ಊರವರ ಕಬ್ಬನ್ನೂ ಅವನೇ ಕಾರಖಾನೆಗೆ ಸಾಗಿಸುತ್ತಿದ್ದ. ಉಗಾರ ಖುರ್ದದ ಕಾರಖಾನೆಯ ಮುಂದೆ ಪಾಳಿ ಹಚ್ಚಿ ನಿಂತರೆ, ಮುಂದಿನ ಟ್ರಾಲಿ ಒಂದು ಮಾರು ಸರಿದಾಗ ಇವನೂ ಒಂದು ಮಾರು ಸರಿಯಬೇಕು. ತುಂಬಿದ ಎರಡು ಟ್ರಾಲಿಯ ಭಾರ ಹಿಂದೆ ಜಗ್ಗುತ್ತಿರುತ್ತದೆ. ಬಿಟ್ಟರೆ ಹಿಂದೆ ಹೋಗುತ್ತದೆ, ಒತ್ತಿ ಬಿಟ್ಟರೆ ಎಗರುತ್ತದೆ. ಅರ್ಧ ಒತ್ತಿ, ಅರ್ಧ ಬಿಟ್ಟು, ಎಡಗಾಲಿನ ಮೇಲೆ ಇಡೀ ಹೊಲವನ್ನೇ ಹಿಡಿದುಕೊಂಡ ಹಾಗೆ ಕೂರಬೇಕು. ಹಾಗೆ ಎಷ್ಟೋ ಹಂಗಾಮ ಕೂತ. ಮನೆಗೆ ಬಂದು ಜಗಲಿಯ ಮೇಲೆ ಕಾಲು ಚಾಚಿದರೆ ಅವ್ವ ಎಳ್ಳೆಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ಅವ್ವ ಹೋದ ಮೇಲೆ ತಿಕ್ಕುವ ಕೆಲಸ ಹೆಂಡತಿಗೆ ಬಂತು.

ಈಗ ಟ್ರ್ಯಾಕ್ಟರಿಗೆ ಬೇರೆ ಡ್ರೈವರ್ ಇದ್ದಾನೆ. ತಮ್ಮ ಇಳಿದ, ಮೊಣಕಾಲಿನ ನೋವು ಇಳಿಯಲಿಲ್ಲ.

ಇಳಿವಯಸ್ಸಿಗೆ ಹತ್ತಿರ ಬಂದಾಗ ಅವನಿಗೊಂದು ಹುಚ್ಚು ಹತ್ತಿತು. ಜೀವನವಿಡೀ ಬೈಕಿನವರೂ ದಾಟಿ ಹೋಗುವ ವೇಗದಲ್ಲಿ ಓಡಿಸಿದವನಿಗೆ ಒಮ್ಮೆಯಾದರೂ ಎಲ್ಲರನ್ನೂ ದಾಟಿ ಹೋಗುವ ಗಾಡಿ ಬೇಕು ಅನ್ನಿಸಿತು. ಯಾರೋ ಓಡಿಸಿ ಮಾರಿದ ಟರ್ಬೊ ಇಂಜಿನ್ನಿನ ಕಾರೊಂದನ್ನು ಕೊಲ್ಲಾಪುರದಲ್ಲಿ ಹುಡುಕಿ ತಂದ. ನೋಡಲು ಸಾದಾ ಕಾರೇ. ತಂದ ಮೇಲೆ ಅಲ್ಲಿಯೇ ಒಬ್ಬ ಟ್ಯೂನಿಂಗ್ ಮಾಡುವವನ ಹತ್ತಿರ ಕೊಟ್ಟು, ಕಂಪ್ಯೂಟರ್ ಹಚ್ಚಿಸಿ, ಇಂಜಿನ್ನಿನ ಶಕ್ತಿ ಇನ್ನೂ ಹೆಚ್ಚು ಮಾಡಿಸಿದ.

ಮನೆಯಲ್ಲಿ ಇದಕ್ಕೆ ಅವನು ಕೊಟ್ಟ ಕಾರಣ ಕೇಳಿ ನಾನು ನಕ್ಕಿದ್ದೆ. ನಮ್ಮದು ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆತನ. ನಮ್ಮ ಜೈನರ ಮನೆಗಳಲ್ಲಿ ಇದನ್ನು ಈಗಲೂ ಬಿಡದೆ ನಡೆಸುವವರು ಬಹಳ. ತಮ್ಮನ ಮಗಳನ್ನು ಕೊಟ್ಟದ್ದು ಕೊಲ್ಲಾಪುರಕ್ಕೆ. ಮಗಳ ಮನೆಯಿಂದ ಹೊರಡುವಾಗ ಇನ್ನೊಂದು ಚಹಾ, ಇನ್ನೊಂದು ಮಾತು ಎಂದು ತಡವಾಗುತ್ತದೆ. ಹಳೆಯ ಗಾಡಿಯಲ್ಲಿ ಮನೆ ಮುಟ್ಟುವುದರೊಳಗೆ ಕತ್ತಲಾಗಿ ಗಂಡ ಹೆಂಡಿರಿಬ್ಬರೂ ಉಪವಾಸ ಮಲಗುತ್ತಿದ್ದರಂತೆ. ಈ ಗಾಡಿ ಇದ್ದರೆ ಹೊತ್ತು ಮುಳುಗುವುದರೊಳಗೆ ಉಣ್ಣಬಹುದು ಎಂದ. ಧರ್ಮ ಉಳಿಸಲು ಟರ್ಬೊ ತಂದವನು ನಮ್ಮ ಸೀಮೆಯಲ್ಲಿ ಇವನೊಬ್ಬನೇ ಇರಬೇಕು.

ಆದರೆ ಆ ಗಾಡಿಯಲ್ಲಿ ಕೂತಾಗ ಅವನ ಮುಖ ನೋಡಿದವಳು ನಾನು. ಒಂದು ಸಲ ನನ್ನನ್ನು ನಿಪ್ಪಾಣಿಗೆ ಕರೆದುಕೊಂಡು ಹೋಗಿದ್ದ. ಹೆದ್ದಾರಿ ಸಿಕ್ಕ ಕೂಡಲೇ ಅವನ ಭುಜ ಎರಡೂ ಕೆಳಗಿಳಿದವು, ಹುಬ್ಬು ಬಿಚ್ಚಿದವು. ಚಿಕ್ಕವನಿದ್ದಾಗ ನದಿಗೆ ಜಿಗಿಯುವ ಮುಂಚೆ ಹೀಗೇ ಇರುತ್ತಿದ್ದ ಎಂದು ನನಗೆ ನೆನಪಾಯಿತು. ಅದಾದ ಮೇಲೆ ಗಾಡಿಯ ಬಗ್ಗೆ ನಾನು ನಗುವುದನ್ನು ಬಿಟ್ಟೆ.

ಮೊಣಕಾಲು ಮಾತ್ರ ಅವನ ಮಾತು ಕೇಳಲಿಲ್ಲ. ಮಿರಜದ ಡಾಕ್ಟರ ಹತ್ತಿರ ಹೋದಾಗ ನಾನೂ, ಅವನ ಹೆಂಡತಿಯೂ ಜೊತೆಗಿದ್ದೆವು. ಡಾಕ್ಟರು ಎಕ್ಸ್‌ರೇ ಫೋಟೋ ಬೆಳಕಿಗೆ ಹಿಡಿದು ನೋಡಿ, ಸವೆದಿದೆ, ಇನ್ನೂ ಸವೆದರೆ ಕೊಯ್ದು ಆಪರೇಷನ್ ಮಾಡಬೇಕಾಗುತ್ತದೆ ಎಂದರು. ಭಾರದ ಕ್ಲಚ್ಚು ಒತ್ತುವುದನ್ನು ನಿಲ್ಲಿಸಬೇಕು, ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್ ಗಾಡಿ ತೆಗೆದುಕೊಳ್ಳಬೇಕು, ಇಲ್ಲವೆಂದರೆ ಓಡಿಸುವುದನ್ನೇ ಬೇರೆಯವರಿಗೆ ಬಿಡಬೇಕು ಎಂದರು. ತಮ್ಮ ಹೊರಗೆ ಬಂದು, ಅದು ಕೂತುಕೊಂಡು ಹೋಗುವ ಗಾಡಿ, ಓಡಿಸುವ ಗಾಡಿ ಅಲ್ಲ ಎಂದ. ಆಮೇಲೆ ಹೆಂಡತಿ ಔಷಧಿ ತರಲು ಹೋದಾಗ ನನ್ನ ಕಡೆ ತಿರುಗದೆ ಹೇಳಿದ:

"ಅಕ್ಕಾ, ನಾ ಚೈನಿ ಅಂತ ಮಾಡಿದ್ದು ಇದೊಂದ. ಇದನ್ನ ಬಿಡಸಬ್ಯಾಡ್ರಿ."

ನಾನೇನು ಬಿಡಿಸುವವಳು. ಬಿಡಿಸಿದರೆ ಅವನ ಕಾಲೇ ಬಿಡಿಸಬೇಕು.

ಇದಾಗಿ ಸ್ವಲ್ಪ ದಿನಕ್ಕೇ ನಿಪ್ಪಾಣಿಯ ಆಚೆಯ ತವಂದಿ ಘಾಟಿನಲ್ಲಿ ಗಾಡಿಯೂ ಮಾತು ಕೇಳದಾಯಿತು. ಏರಿನಲ್ಲಿ ಎಕ್ಸಿಲೇಟರ್ ಒತ್ತಿದರೆ ಇಂಜಿನ್ನು ಒದರುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಸುಟ್ಟ ವಾಸನೆ. ಕಬ್ಬಿನ ಲಾರಿಯೊಂದು ಇವನನ್ನು ದಾಟಿ ಹೋಯಿತಂತೆ. ಕ್ಲಚ್ಚು ಜಾರುತ್ತಿದೆ ಎಂದು ಅವನಿಗೆ ತಿಳಿಯಿತು.

ನನಗೆ ಮಿಸ್ತ್ರಿ ತಿಳಿಸಿ ಹೇಳಿದ್ದು ಹೀಗೆ. ಇಂಜಿನ್ನು ತಿರುಗುವುದು ಬೇರೆ, ಗಾಲಿ ತಿರುಗುವುದು ಬೇರೆ. ಎರಡನ್ನೂ ಕೂಡಿಸುವುದು ಕ್ಲಚ್ಚು. ಎರಡು ಅಂಗೈ ಒಂದಕ್ಕೊಂದು ಒತ್ತಿ ಹಿಡಿದ ಹಾಗೆ. ಕಾಲಿನಿಂದ ಪೆಡಲ್ ಒತ್ತಿದರೆ ಅಂಗೈ ಬಿಡುತ್ತದೆ, ಬಿಟ್ಟರೆ ಮತ್ತೆ ಹಿಡಿಯುತ್ತದೆ. ಇಂಜಿನ್ನಿನ ಶಕ್ತಿ ಹೆಚ್ಚಾದರೆ ಹಿಡಿದ ಅಂಗೈ ಜಾರುತ್ತದೆ, ಜಾರಿ ಜಾರಿ ಸುಡುತ್ತದೆ. ಜಾರಬಾರದು ಅಂದರೆ ಇನ್ನೂ ಗಟ್ಟಿಯಾಗಿ ಒತ್ತಬೇಕು. ಗಟ್ಟಿಯಾಗಿ ಒತ್ತಿ ಹಿಡಿದದ್ದನ್ನು ಬಿಡಿಸಲು ಕಾಲಿಗೂ ಅಷ್ಟೇ ಬಲ ಬೇಕು.

ಅವತ್ತು ಆ ಬೆಂಚಿನ ಮೇಲಿದ್ದ ತಂಟೆ ಇಷ್ಟೇ. ಗಾಡಿಗೆ ಒಪ್ಪುವ ಕ್ಲಚ್ಚು ಕಾಲಿಗೆ ಒಪ್ಪುವುದಿಲ್ಲ. ಕಾಲಿಗೆ ಒಪ್ಪುವುದು ಗಾಡಿಗೆ ಒಪ್ಪುವುದಿಲ್ಲ. ತಪ್ಪು ಆರಿಸಿದರೆ ಒಂದೋ ಗಾಡಿ ಮತ್ತೆ ಘಾಟಿನಲ್ಲಿ ನಿಲ್ಲುತ್ತದೆ, ಇಲ್ಲವೇ ತಮ್ಮ ಇನ್ನು ಮುಂದೆ ಬೇರೆಯವರ ಪಕ್ಕದಲ್ಲಿ ಕೂತುಕೊಂಡು ಹೋಗುತ್ತಾನೆ.

ಮೂರರಲ್ಲಿ ಮೊದಲನೆಯದು ಕಂಪನಿಯದು. ಪೆಡಲ್ ಹಗುರ, ಆದರೆ ಹೆಚ್ಚು ಮಾಡಿಸಿದ ಶಕ್ತಿಯನ್ನು ಅದು ತಡೆಯುವುದಿಲ್ಲ. ಎರಡನೆಯದು ನೋಡಲು ಅದರ ತಮ್ಮನ ಹಾಗೆ, ಒತ್ತುವ ಪ್ಲೇಟು ಮಾತ್ರ ಸ್ವಲ್ಪ ಬಿಗಿ. ಮೂರನೆಯದು ನೋಡಿದ ಕೂಡಲೇ ಬೇರೆ ಜಾತಿಯದು ಎಂದು ಗೊತ್ತಾಗುತ್ತಿತ್ತು. ಅದರ ತಟ್ಟೆಯ ಸುತ್ತ ಪೂರ್ತಿ ಪಟ್ಟಿಯೇ ಇಲ್ಲ. ತಾಮ್ರದ ಬಣ್ಣದ ಬಿಡಿ ಬಿಡಿ ತುಂಡುಗಳು, ಹೂವಿನ ಎಸಳಿನ ಹಾಗೆ. ರೇಸಿನ ಗಾಡಿಗೆ ಹಾಕುವ ಸಿರಾಮಿಕ್ ಅಂತೆ. ಹಿಡಿದರೆ ಬಿಡುವ ಮಾತಿಲ್ಲ. ಎರಡು ಪ್ಲೇಟಿನದು ಅಂತ ಇನ್ನೊಂದು ನಮೂನೆ ಇದೆ, ಪೆಡಲೂ ಹಗುರ, ಹಿಡಿತವೂ ಭಾರಿ ಎಂದು ಟ್ಯೂನಿಂಗಿನವನು ಫೋನಿನಲ್ಲಿ ಮರಾಠಿಯಲ್ಲಿ ಆಸೆ ತೋರಿಸಿ, ಈ ಗಾಡಿಗೆ ಅದು ಸಿಗುವುದಿಲ್ಲ ಎಂದು ಅದೇ ಉಸಿರಿನಲ್ಲಿ ಇಟ್ಟುಬಿಟ್ಟ. ತಮ್ಮ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಅದನ್ನೇ ನೋಡಿದ.

ದ್ರಾಕ್ಷಿಯ ಗೆಳೆಯನದು ಒಂದೇ ಪಟ್ಟು, ಮೂರನೆಯದು. ತನ್ನ ಕಾರಿಗೂ ಅದನ್ನೇ ಹಾಕಿಸಿದ್ದ. ಮಿಸ್ತ್ರಿಯೂ ಅದೇ ದಾರಿ. ಅವನ ಗಿರಾಕಿಗಳೆಲ್ಲ ಟ್ರ್ಯಾಕ್ಟರಿನವರು. ಕ್ಲಚ್ಚು ಯಾಕೆ ಹೋಯಿತು ಎಂದು ಅವರು ಕೇಳುವುದಿಲ್ಲ, ಇದಕ್ಕಿಂತ ಗಟ್ಟಿ ಯಾವುದಿದೆ ಎಂದು ಕೇಳುತ್ತಾರೆ. ಗಟ್ಟಿಯದು ಹಾಕಿಸಿಕೊಂಡು ಹೋಗುತ್ತಾರೆ, ಹಂಗಾಮ ಮುಗಿಸುತ್ತಾರೆ. ನಮ್ಮ ಕಡೆ ಕ್ಲಚ್ಚು ಆರಿಸುವ ಪದ್ಧತಿಯೇ ಅದು. ಹೊರೆ ಹೆಚ್ಚಾದರೆ ಹಗ್ಗ ದಪ್ಪ ಮಾಡುವುದು. ಹೊರುವವನನ್ನು ಯಾರೂ ಕೇಳುವುದಿಲ್ಲ.

"ಗಟ್ಟೀದ ಹಾಕಿ ಬಿಡ್ರಿ ಅಣ್ಣಾರ," ಎಂದ ಮಿಸ್ತ್ರಿ, "ಮತ್ತ ಈ ಕಡೆ ಹಾಯೂದ ಬ್ಯಾಡ ನೀವು."

"ಕಾಲಿಂದ ಏನೋ," ಎಂದೆ ನಾನು.

"ಕಾಲ ಪಳಗತೈತ್ರಿ ಅಕ್ಕಾರ," ಎಂದ ಗೆಳೆಯ. "ನಂದ ಪಳಗಿಲ್ಲೇನು? ಲೇ ದೋಸ್ತ, ಏಳು. ನನ್ನ ಗಾಡ್ಯಾಗ ಕುಂತ ಒತ್ತಿ ನೋಡು. ಬಾಯಿಮಾತ ಯಾಕ."

ಅವನ ಕಾರು ಹೊರಗೆ ಬೇವಿನ ನೆರಳಿಗೆ ನಿಂತಿತ್ತು. ತಮ್ಮ ಹೋಗಿ ಕೂತು ಒತ್ತಿದ. ಒಮ್ಮೆ ಒತ್ತಿ, ಬಿಟ್ಟು, ಮತ್ತೊಮ್ಮೆ ಒತ್ತಿ, ಏನಿಲ್ಲ, ನಡೀತೈತಿ ಎಂದ. ಆದರೆ ಒತ್ತುವಾಗ ಅವನ ಕೆಳತುಟಿ ಹಲ್ಲಿನ ಕೆಳಗೆ ಹೋದದ್ದನ್ನು ನಾನೂ ಕಂಡೆ, ಅವನ ಹೆಂಡತಿಯೂ ಕಂಡಳು. ನಾನೂ ಒಂದು ಕೈ ನೋಡೋಣವೆಂದು, ಅಂದರೆ ಒಂದು ಕಾಲು ನೋಡೋಣವೆಂದು, ಸೀರೆ ಎತ್ತಿ ಕಟ್ಟಿಕೊಂಡು ಏರಿದೆ. ಒತ್ತಿದೆ. ಪೆಡಲ್ ಕೆಳಗೆ ಹೋಗಲಿಲ್ಲ, ನಾನೇ ಸೀಟಿನಿಂದ ಮೇಲೆದ್ದೆ. ಸ್ಟೇರಿಂಗ್ ಹಿಡಿದು ಜಗ್ಗಿ ಒತ್ತಿದಾಗ ಹೋಯಿತು, ಬಿಡುವಾಗ ನನ್ನ ಚಪ್ಪಲಿಯನ್ನು ಒದ್ದು ಬಿಸಾಕಿತು.

"ಅಕ್ಕಾರಿಗೆ ರೇಸ್ ಆಗಿ ಬರೂದಿಲ್ಲ," ಎಂದು ಗೆಳೆಯ ನಕ್ಕ.

"ನಿನ್ನ ಹೇಣ್ತಿ ಓಡಸ್ತಾಳೇನಪಾ ಇದನ್ನ?" ಎಂದು ಕೇಳಿದೆ.

ಮೊದಲು ಓಡಿಸುತ್ತಿದ್ದಳಂತೆ. ಈಗ ಬಸ್ಸಿಗೆ ಹೋಗುತ್ತಾಳಂತೆ. ಆದರೆ ಬೆಂಚಿಗೆ ವಾಪಸ್ಸು ಬಂದ ಕೂಡಲೇ ಮಾತು ಮತ್ತೆ ಮೊದಲಿನಿಂದ ಶುರುವಾಯಿತು.

ಹೊತ್ತು ಇಳಿಯುತ್ತಿತ್ತು. ಗ್ಯಾರೇಜಿನ ತಗಡಿನ ನೆರಳು ರಸ್ತೆ ದಾಟಿ ಆಚೆಯ ಕಬ್ಬಿನ ಹೊಲಕ್ಕೆ ಹೋಗಿತ್ತು. ಮಾತಾಡುವವರ ಧ್ವನಿಯಲ್ಲಿ ಹುರುಪು ಉಳಿದಿರಲಿಲ್ಲ. ಹೇಳಿದ್ದನ್ನೇ ಹೇಳುತ್ತಿದ್ದರು. ಮಿಸ್ತ್ರಿ ಸುಟ್ಟ ಹಳೆಯ ಪ್ಲೇಟನ್ನು ಕೈಯಲ್ಲಿ ತಿರುವುತ್ತ ಕೂತಿದ್ದ. ಅದರ ಅಂಚು ನೀಲಿಗಟ್ಟಿತ್ತು. ತಮ್ಮ ಯಾರ ಮಾತಿಗೂ ಹೂಂ ಎನ್ನದೆ ಮೊಣಕಾಲು ನೀವಿಕೊಳ್ಳುತ್ತಿದ್ದ. ಇನ್ನೇನು ಮೂರನೆಯದಕ್ಕೇ ಒಪ್ಪುತ್ತಾನೆ ಎಂದು ನನಗೆ ಅನ್ನಿಸಿತು. ಇಷ್ಟಪಟ್ಟು ಒಪ್ಪುವುದಲ್ಲ, ಸಾಕಾಗಿ ಒಪ್ಪುವುದು. ನಮ್ಮ ಬಾಳಿನ ಎಷ್ಟೋ ವಿಷಯಗಳು ಹೀಗೆ ಸಂಜೆ ಹೊತ್ತಿಗೆ ಸಾಕಾಗಿಯೇ ಮುಗಿದಿವೆ.

ಅಷ್ಟರಲ್ಲಿ ತಮ್ಮನ ಹೆಂಡತಿ ಡಬ್ಬಿ ಬಿಚ್ಚಿದಳು. ದಿಗ್ಗೇವಾಡಿ ಮುಟ್ಟುವುದರೊಳಗೆ ಹೊತ್ತು ಮುಳುಗುವುದು ಖಾತ್ರಿ ಇತ್ತು, ಅದಕ್ಕೇ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಕ್ಲಚ್ಚುಗಳನ್ನು ಒಂದು ಹಳೆಯ ಅರಿವೆಯಿಂದ ಹಿಡಿದು ಆಚೆ ಸರಿಸಿ, ಬೆಂಚಿನ ಮೇಲೆ ಕಾಗದ ಹಾಸಿ ಎಲ್ಲರಿಗೂ ಬಡಿಸಿದಳು. ಗಂಡನಿಗೆ ರೊಟ್ಟಿ ಕೊಡುವಾಗ ಅವನು ಇನ್ನೂ ಮೂರನೆಯ ಕ್ಲಚ್ಚನ್ನೇ ನೋಡುತ್ತಿದ್ದ. ಆಗ ಅವಳು ಮಾತಾಡಿದಳು. ದಿನವಿಡೀ ಮಾತಾಡದೆ ಕೂತವಳು.

"ಯಾವದರ ಹಾಕ್ಸ್ರಿ," ಎಂದಳು, "ಅದೂ ಸುಡತೈತಿ."

ಎಲ್ಲರೂ ಅವಳ ಕಡೆ ನೋಡಿದರು.

"ನೀವು ಗಾಡಿ ಓಡಸೂವಾಗ ನಿಮ್ಮ ಎಡಗಾಲ ಒಂದ ಸಲಾನೂ ನೆಲಾ ಮುಟ್ಟೂದಿಲ್ಲ. ಯಾವಾಗ್ಲೂ ಕ್ಲಚ್ ಮ್ಯಾಲ. ರಸ್ತೆ ಖಾಲಿ ಇದ್ರೂ ಕ್ಲಚ್ ಮ್ಯಾಲ. ಟ್ರ್ಯಾಕ್ಟರ್ ಮ್ಯಾಲೂ ಹಂಗ ಕುಂದರತಿದ್ರಿ, ಇದರಾಗೂ ಹಂಗ."

ತಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಹಂಗೇನೂ ಇಲ್ಲ ಎಂದ. ಅವಳು ವಾದ ಮಾಡಲಿಲ್ಲ, ಪಲ್ಯ ಬಡಿಸಿದಳು. ಅವನು ರೊಟ್ಟಿ ಬದಿಗಿಟ್ಟು ಎದ್ದ. ಗಾಡಿ ಸ್ಟ್ಯಾಂಡಿನ ಮೇಲಿದೆ, ಏರಬೇಡಿ ಎಂದು ಮಿಸ್ತ್ರಿ ಹೇಳುತ್ತಿದ್ದರೂ ಬಾಗಿಲು ತೆಗೆದು ಮೆಲ್ಲಗೆ ತನ್ನ ಸೀಟಿನಲ್ಲಿ ಕೂತ. ಸಿಟ್ಟು ಬಂದಿತ್ತು, ಆದರೆ ಸಿಟ್ಟು ಮಾಡಲೂ ಶಕ್ತಿ ಬೇಕಲ್ಲ. ಸ್ಟೇರಿಂಗಿನ ಮೇಲೆ ಕೈ ಇಟ್ಟು, ಮುಂದೆ ರಸ್ತೆಯಲ್ಲಿ ಹೋಗುತ್ತಿದ್ದ ಟ್ರಾಲಿಗಳನ್ನು ನೋಡುತ್ತ ಸುಮ್ಮನೆ ಕೂತುಬಿಟ್ಟ.

ಬಾಗಿಲು ತೆರೆದೇ ಇತ್ತು. ನಾವೆಲ್ಲ ಕಂಡೆವು. ಗೇರ್‌ಬಾಕ್ಸು ಟೈರಿನ ಮೇಲಿದೆ, ಗಾಲಿ ಗೋಡೆಗೆ ಆನಿಸಿವೆ, ಗಾಡಿ ಹೋಗುವ ಮಾತೇ ಇಲ್ಲ. ಅಂಥ ಗಾಡಿಯಲ್ಲಿ ಅವನ ಎಡಗಾಲು ತಾನಾಗಿ ಹೋಗಿ ಕ್ಲಚ್ಚಿನ ಪೆಡಲಿನ ಮೇಲೆ ಕೂತಿತ್ತು. ಹಿಮ್ಮಡಿ ಮೇಲೆದ್ದಿತ್ತು. ಮೊಣಕಾಲು ಸಣ್ಣಗೆ ನಡುಗುತ್ತಿತ್ತು.

ಗೆಳೆಯ ನಗಲು ಬಾಯಿ ತೆರೆದು ನಗದೆ ಮುಚ್ಚಿದ.

ನಮ್ಮ ಕಣ್ಣು ಎಲ್ಲಿವೆ ಎಂದು ತಮ್ಮ ನೋಡಿ, ಕೆಳಗೆ ತನ್ನ ಕಾಲನ್ನು ನೋಡಿಕೊಂಡ. ತೆಗೆಯಲಿಲ್ಲ. ಬೇರೆ ಯಾರದೋ ಕಾಲು ಎಂಬ ಹಾಗೆ ನೋಡುತ್ತ ಕೂತ. ಆಮೇಲೆ ಹೆಂಡತಿಯನ್ನು ಕೇಳಿದ:

"ಯಾವಾಗಿಂದ ನೋಡಾಕತ್ತಿ?"

"ಗಾಡಿ ತಂದಾಗಿಂದ."

"ಮತ್ತ ಹೇಳಲಿಲ್ಲ?"

"ಗಾಡಿ ವಿಷಯದಾಗ ನೀವು ನನ್ನ ಯಾವಾಗ ಕೇಳೀರಿ?" ಎಂದಳು. ಕೊಂಕಿನಿಂದಲ್ಲ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿರುವವಳ ಹಾಗೆ. "ಹೊತ್ತ ಮುಳಗತೈತಿ, ಬಂದ ಊಟಾ ಮಾಡ್ರಿ."

ಅವನು ಇಳಿದು ಬಂದು ಊಟ ಮಾಡಿದ.

ಉಂಡು ಕೈ ತೊಳೆದ ಮೇಲೆ ಮಾತಿನ ದಿಕ್ಕೇ ಬೇರೆಯಾಯಿತು. ಮಿಸ್ತ್ರಿ ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ಹಳೆಯ ಬೇರಿಂಗ್ ತೆಗೆದು ಕಿವಿಯ ಹತ್ತಿರ ತಿರುಗಿಸಿದ. ಒಣ ಜೋಳ ಬೀಸಿದ ಹಾಗೆ ಸದ್ದು. ಕಾಲು ಸದಾ ಮೇಲಿದ್ದರೆ ಈ ಬೇರಿಂಗು ಸದಾ ತಿರುಗುತ್ತದೆ, ಪ್ಲೇಟು ಪೂರ್ತಿ ಹಿಡಿಯದೆ ಜಾರುತ್ತದೆ, ಶಕ್ತಿ ಹೆಚ್ಚು ಮಾಡಿಸಿದ್ದು ಅರ್ಧ ಕಾರಣ, ಕಾಲು ಇನ್ನರ್ಧ ಎಂದು ಈಗ ಒಪ್ಪಿದ. ಬೆಳಿಗ್ಗೆ ಬಿಚ್ಚಿದವನು ನೀನೇ, ಆಗ ಕಾಣಲಿಲ್ಲವೇ ಎಂದು ನಾನು ಕೇಳಿದೆ. ಟ್ರ್ಯಾಕ್ಟರಿನ ಬೇರಿಂಗುಗಳೆಲ್ಲ ಹೀಗೇ ಬರುತ್ತವೆ ಅಕ್ಕಾರ, ಇದು ಹೀಗೇ ಇರುತ್ತದೆ ಎಂದುಕೊಂಡೆ ಎಂದ. ಅವನನ್ನು ಬೈಯಲೂ ಆಗಲಿಲ್ಲ. ಈ ಸೀಮೆಯಲ್ಲಿ ಎಲ್ಲರ ಎಡಗಾಲೂ ಹಾಗೇ ಇರುವಾಗ ಅವನೊಬ್ಬನಿಗೆ ಬೇರೆ ಹೇಗೆ ಕಾಣಬೇಕು.

ಕೊನೆಗೆ ಆರಿಸಿದ್ದು ಎರಡನೆಯದನ್ನು. ಆರಿಸಿದವನು ತಮ್ಮನೇ. ಮೂರನ್ನೂ ಒಂದೊಂದಾಗಿ ಎತ್ತಿ ನೋಡಿ, ಎಸಳಿನದನ್ನು ಸ್ವಲ್ಪ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದು, ಮೆಲ್ಲಗೆ ಇಟ್ಟುಬಿಟ್ಟ. ಎರಡನೆಯದು ಪೂರ್ತಿ ಶಕ್ತಿಯನ್ನು ತಡೆಯುವುದಿಲ್ಲ ಎಂದು ಮಿಸ್ತ್ರಿ ಮೊದಲೇ ಹೇಳಿದ್ದ. ಹಾಗಾಗಿ ಟ್ಯೂನಿಂಗಿನವನಿಗೆ ಮತ್ತೆ ಫೋನ್ ಹಚ್ಚಿ, ಇಂಜಿನ್ನಿನ ಜಗ್ಗುವ ಶಕ್ತಿಯನ್ನು ಈ ಕ್ಲಚ್ಚು ತಡೆಯುವಷ್ಟಕ್ಕೆ ಇಳಿಸಿಕೊಡಲು ಆಗುತ್ತದೆಯೇ ಎಂದು ಕೇಳಿದ. ಆಗುತ್ತದೆ, ಆದರೆ ಏರಿಸಿಕೊಂಡದ್ದನ್ನು ಯಾರಾದರೂ ಇಳಿಸಿಕೊಳ್ಳುತ್ತಾರೆಯೇ ಎಂದು ಆ ಕಡೆಯಿಂದ ನಗು ಕೇಳಿಸಿತು. ತಮ್ಮನೂ ಸಣ್ಣಗೆ ನಕ್ಕ.

"ವಯಸ್ಸಾತಪಾ," ಎಂದ. ಮರಾಠಿಯಲ್ಲಿ ಮಾತಾಡುತ್ತಿದ್ದವನು ಅದೊಂದನ್ನು ಮಾತ್ರ ಕನ್ನಡದಲ್ಲಿ ಅಂದ.

ಎರಡು ದಿನ ಬಿಟ್ಟು ಗಾಡಿ ಸಿದ್ಧವಾಯಿತು. ತರಲು ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ನನಗೂ ತವರಿಗೆ ಹೋಗುವುದಿತ್ತು, ಹಿಂದೆ ಕೂತೆ. ಪೆಡಲ್ ಹೇಗಿದೆ ಎಂದರೆ, ಮೊದಲಿಗಿಂತ ಜರಾ ಬಿಗಿ, ತ್ರಾಸಿಲ್ಲ ಎಂದ. ಈ ಸಲ ತುಟಿ ಹಲ್ಲಿನ ಕೆಳಗೆ ಹೋಗಲಿಲ್ಲ. ಊರು ದಾಟುವುದರೊಳಗೆ ಮುಂದೆ ಟ್ರಾಲಿಗಳ ಸಾಲು ಸಿಕ್ಕಿತು. ಎದುರಿನಿಂದಲೂ ಸಾಲು, ದಾಟಲು ಜಾಗವಿಲ್ಲ. ಹತ್ತು ಮಾರು ಹೋಗುವುದು, ನಿಲ್ಲುವುದು. ಮುಂದಿನ ಟ್ರಾಲಿಯ ಕಬ್ಬಿನ ತುದಿಗಳು ನಮ್ಮ ಗಾಜಿನ ಮುಂದೆ ತೂಗುತ್ತಿದ್ದವು.

ಅವತ್ತು ಆ ಗಾಡಿಯಲ್ಲಿ ನಡೆದ ಮಾತು ಒಂದೇ. ಸ್ವಲ್ಪ ಹೊತ್ತಿಗೊಮ್ಮೆ ಅವಳು, ರಸ್ತೆಯನ್ನೇ ನೋಡುತ್ತ, "ಕಾಲ," ಎನ್ನುತ್ತಿದ್ದಳು. ಅವನು ಕಾಲು ಕೆಳಗಿಡುತ್ತಿದ್ದ. ಗಾಡಿ ಒಂದಿಷ್ಟು ಸರಿಯುತ್ತಿತ್ತು, ನಿಲ್ಲುತ್ತಿತ್ತು. ಮತ್ತೆ, "ಕಾಲ." ಬೈಯುವ ಧ್ವನಿಯಲ್ಲ, ಅಡಿಗೆಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುವವರ ಧ್ವನಿ. ಅಂಕಲಿ ಬರುವುದರೊಳಗೆ ಅವನು ಸೋತುಹೋಗಿದ್ದ.

"ಅಕ್ಕಾ, ಒತ್ತೂದರಕಿಂತ ಕೆಳಗ ಇಡೂದ ತ್ರಾಸ ಐತಿ," ಎಂದ.

ಯಾವುದೋ ಹಂಗಾಮದಲ್ಲಿ ಕಲಿತ ಕಾಲು ಅದು. ಒಂದು ಕ್ಲಚ್ಚಿನಿಂದ ಮರೆಯುತ್ತದೆಯೇ. ಅವತ್ತು ನಾನು ನೋಡಿದ್ದು ಅವನ ಹೆಂಡತಿಯನ್ನು. ಅವಳಿಗೆ ಕಾರು ಓಡಿಸಲು ಬರುತ್ತದೆ, ಹಳೆಯ ಗಾಡಿಯಲ್ಲಿ ಅವನೇ ಕಲಿಸಿದ್ದ. ಈ ಗಾಡಿಯ ಸ್ಟೇರಿಂಗನ್ನು ಮಾತ್ರ ಅವಳ ಕೈಗೆ ಒಮ್ಮೆಯೂ ಕೊಟ್ಟಿರಲಿಲ್ಲ. ಕೂತಲ್ಲೇ ಅವಳ ಎಡಗಾಲು ನೆಲದ ಮೇಲೆ ಸುಮ್ಮನೆ, ಅಂಗಾಲು ಪೂರ್ತಿ ಊರಿಕೊಂಡು, ವಿಶ್ರಾಂತಿಯಲ್ಲಿತ್ತು.

ಹಂಗಾಮ ಮುಗಿಯುತ್ತ ಬಂದಿತ್ತು. ಒಂದು ದಿನ ಅವರು ಮಗಳ ಮನೆಯಿಂದ ಬರುತ್ತಿದ್ದರು. ನಿಪ್ಪಾಣಿಯವರೆಗೆ ಹೆದ್ದಾರಿಯಲ್ಲಿ ಅವನು ಸುಖವಾಗಿ ಓಡಿಸಿಕೊಂಡು ಬಂದ, ಯಾವ ಏರಿನಲ್ಲೂ ಕ್ಲಚ್ಚು ಜಾರಲಿಲ್ಲ. ಚಿಕ್ಕೋಡಿ ದಾಟಿದ ಮೇಲೆ ಮುಂದೆ ಟ್ರಾಲಿಗಳ ಸಾಲು. ಅವಳು ಕಾಲ ಎಂದಳು. ಅವನು ಕೆಳಗಿಟ್ಟ. ಮತ್ತೆ ಎಂದಳು. ಈ ಸಲ ಅವನು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಇಳಿದು, ಮುಂದಿನಿಂದ ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆಗೆದು ನಿಂತ. ಈ ಸಾಲು ಮುಗಿಯುವವರೆಗೆ ನೀನು ತಗೋ, ರಸ್ತೆ ಖಾಲಿ ಸಿಕ್ಕ ಮೇಲೆ ನಾನು ತಗೋತೀನಿ ಎಂದನಂತೆ. ಅವಳು ಸೀಟು ಮುಂದೆ ಸರಿಸಿಕೊಂಡು ಕೂತಳು. ಅವನು ಪಕ್ಕದಲ್ಲಿ ಕೂತು ಎಡಗಾಲು ಚಾಚಿದ.

ಅಂಕಲಿ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಇನ್ನ ನೀವ ತಗೋರಿ ಎಂದು ಅವಳು ಹೇಳಿದಳು. ಅವನು ನಿದ್ದೆ ಹೋಗಿದ್ದ. ಎಬ್ಬಿಸದೆ ಅವಳು ತನಗೆ ಬರುವ ವೇಗದಲ್ಲೇ ಓಡಿಸಿಕೊಂಡು ಹೋದಳು. ದಿಗ್ಗೇವಾಡಿ ಮುಟ್ಟಿದಾಗ ಹೊತ್ತು ಮುಳುಗಿತ್ತು. ಅವತ್ತು ಇಬ್ಬರೂ ಉಣ್ಣದೆ ಮಲಗಿದರು.